ಯಂತ್ರಾನುವಾದದ ಗೋಷ್ಠಿಯಲ್ಲಿ ಅನುವಾದಕರಿಗೇನು ಕೆಲಸ?

ಪ್ರಶ್ನೆ: ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದೇ ನನ್ನ ಕಸುಬು. ಔಷಧಿ ಜೊತೆ ಕೊಡುವ ಮಾಹಿತಿ ಚೀಟಿ, ಯಂತ್ರಗಳ ಕೈಪಿಡಿ ಇಂಥವೇ ಜಾಸ್ತಿ. ಸದ್ಯದಲ್ಲೇ ಅನುವಾದಕರ ಸಮ್ಮೇಳನವೊಂದಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಅರ್ಧಕ್ಕರ್ಧ ಗೋಷ್ಠಿಗಳು ಯಂತ್ರಾನುವಾದದ ಮೇಲೆ. ನನಗೆ ಕಂಪ್ಯೂಟರ್ ವಿದ್ಯೆ ಗೊತ್ತಿಲ್ಲ. ಸುಮ್ನೆ ಕೂತು ಬರುವುದಾ, ಏನಾದರೂ ಕೇಳುವುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಕೂರಿ, ಕೇಳಿ. ಗಣಿತ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದುಕೊಳ್ಳಿ: "ಇದನ್ನು ಯಾವ ಬರಹದ ಮೇಲೆ ಪರೀಕ್ಷೆ ಮಾಡಿದ್ದೀರಿ?"

ಈ ಕ್ಷೇತ್ರದ ಇತಿಹಾಸವೇ ಆ ಪ್ರಶ್ನೆಯಲ್ಲಿದೆ. 1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ನ್ಯೂಯಾರ್ಕ್‌ನಲ್ಲಿ ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಮಾಡಿಸಿ ತೋರಿಸಿದವು. ಪತ್ರಿಕೆಗಳು ಹಾಡಿ ಹೊಗಳಿದವು. ಮೂರು ವರ್ಷವೋ ಐದು ವರ್ಷವೋ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ ಎಂಬ ಮಾತೂ ಬಂತು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು 250 ಪದ, 6 ನಿಯಮ. ವಾಕ್ಯಗಳನ್ನು ಮೊದಲೇ ಆರಿಸಿಟ್ಟಿದ್ದರು. 1966ರಲ್ಲಿ, ಈ ಕೆಲಸವನ್ನು ತೂಗಿನೋಡಲು ಅಮೆರಿಕದಲ್ಲಿ ನೇಮಿಸಿದ್ದ ಆಲ್ಪ್ಯಾಕ್ ಸಮಿತಿ ನಿರಾಶೆಯ ವರದಿ ಕೊಟ್ಟಿತು, ಅಮೆರಿಕದಲ್ಲಿ ಸರ್ಕಾರದ ದುಡ್ಡು ಹೆಚ್ಚುಕಮ್ಮಿ ನಿಂತೇಹೋಯಿತು.

ಅದೇ ಕೆನಡಾದಲ್ಲಿ 1977ರಿಂದ ಮೆಟಿಯೊ ಎಂಬ ವ್ಯವಸ್ಥೆ ಹವಾಮಾನ ವರದಿಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಮಾಡಿಕೊಟ್ಟಿತು. ಅದು ಬಹಳ ಬುದ್ಧಿವಂತ ಯಂತ್ರವೇನೂ ಆಗಿರಲಿಲ್ಲ. ಹವಾಮಾನ ವರದಿಯಲ್ಲಿ ಪದಗಳು ಕಡಿಮೆ, ವಾಕ್ಯಗಳು ಒಂದೇ ಅಚ್ಚಿನವು, ಅಷ್ಟೇ. ಹಾಗಾಗಿ "ಯಂತ್ರ ಚೆನ್ನಾಗಿದೆಯಾ" ಅಂತ ಕೇಳಿದರೆ ಉತ್ತರವೇ ಸಿಗುವುದಿಲ್ಲ. "ನನ್ನ ಔಷಧಿ ಚೀಟಿಗೆ ಹೇಗಿದೆ" ಅಂತ ಕೇಳಿದರೆ ಸಿಗುತ್ತದೆ.

ಭಾಷಣದ ನಡುವೆ ಒಂದು ಅಂಕಿ ಬರುತ್ತದೆ, ಬ್ಲೂ ಸ್ಕೋರ್ ಅಂತ. 2002ರಲ್ಲಿ ಐಬಿಎಂ ಸಂಶೋಧಕರು ತಂದ ಅಳತೆ ಇದು. ಮನುಷ್ಯರು ಮಾಡಿಟ್ಟ ಅನುವಾದದ ಜೊತೆ ಯಂತ್ರದ್ದನ್ನು ಇಟ್ಟು, ಎಷ್ಟು ಪದ ಮತ್ತು ಪದಗುಚ್ಛ ಒಂದೇ ಇವೆ ಅಂತ ಎಣಿಸುತ್ತದೆ. ಕನ್ನಡಕ್ಕೆ ಇದು ಸರಿಯಾಗಿ ಒಗ್ಗುವುದಿಲ್ಲ. ನಮ್ಮ ವಿಭಕ್ತಿ, ಕಾಲ, ಒತ್ತು ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ ಅಲ್ವಾ? ಮನುಷ್ಯರ ಅನುವಾದದಲ್ಲಿ "ಮನೆಯಲ್ಲಿ" ಇದ್ದು ಯಂತ್ರ "ಮನೆಯಲ್ಲೇ" ಅಂದರೆ ಇಡೀ ಪದವೇ ತಪ್ಪು ಅನ್ನಿಸಿಕೊಳ್ಳುತ್ತದೆ. 2015ರಲ್ಲಿ ಬಂದ ಸಿಎಚ್‌ಆರ್‌ಎಫ್ ಎಂಬ ಅಳತೆ ಅಕ್ಷರಗಳನ್ನು ಹೋಲಿಸುತ್ತದೆ, ಇಂಥ ಭಾಷೆಗಳಿಗೆ ಅದು ವಾಸಿ. ಯಾವ ಅಳತೆ, ಕನ್ನಡದ್ದೇ ಅಂಕಿಯಾ ಅಥವಾ ಹತ್ತಾರು ಭಾಷೆಗಳ ಸರಾಸರಿಯಾ, ತೂಗಿದವರು ಯಾರು, ಇದನ್ನು ಕೇಳಿ. ಅಂಗಡಿಯವನೇ ತಕ್ಕಡಿಯನ್ನೂ ಮಾಡಿಕೊಂಡು ಬಂದಿದ್ದರೆ ಸ್ವಲ್ಪ ಹುಷಾರು.

ಇನ್ನೊಂದು ವಿಷಯ ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ್ದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ತಪ್ಪು ದೂರದಿಂದಲೇ ಕಾಣುತ್ತಿತ್ತು, ವಾಕ್ಯವೇ ಮುರಿದು ಬಿದ್ದಿರುತ್ತಿತ್ತು. 2016ರ ನಂತರ ಮಿದುಳಿನ ನರಜಾಲದ ಮಾದರಿಯಲ್ಲಿ ಯಂತ್ರಕ್ಕೆ ಕಲಿಸುವ ನ್ಯೂರಲ್ ವಿಧಾನ ಬಂದಮೇಲೆ ವಾಕ್ಯ ಸಲೀಸಾಗಿ ಓಡುತ್ತದೆ, ತಪ್ಪು ಅದರೊಳಗೇ ಅಡಗಿಕೊಂಡಿರುತ್ತದೆ. "ತೆಗೆದುಕೊಳ್ಳಬೇಡಿ" ಎಂದಿರಬೇಕಾದ ಕಡೆ "ತೆಗೆದುಕೊಳ್ಳಿ" ಬಂದರೂ ಓದಲು ಚೆನ್ನಾಗೇ ಇರುತ್ತದೆ. ಒಂದು ಪ್ಯಾರಾದಲ್ಲಿ ನೀವು, ಮುಂದಿನದರಲ್ಲಿ ನೀನು. ಒಂದು ವಾಕ್ಯವೇ ಕಾಣೆಯಾಗಿದ್ದರೂ ಕನ್ನಡವನ್ನಷ್ಟೇ ಓದುವವರಿಗೆ ಗೊತ್ತಾಗದು. ಇದನ್ನು ಹಿಡಿಯುವುದು ನಿಮ್ಮಂಥವರೇ, ಹಾಗಾಗಿ ಗೋಷ್ಠಿಯಲ್ಲಿ ಸಂಕೋಚ ಬೇಡ. ಈಗಾಗಲೇ ಅಚ್ಚಾಗಿ ಎಲ್ಲರಿಗೂ ಸಿಗುವ ಒಂದು ಔಷಧಿ ಚೀಟಿ ಜೊತೆಗಿರಲಿ. "ಈಗಲೇ ಹಾಕಿ ತೋರಿಸುತ್ತೀರಾ?" ಅನ್ನಿ. ಒಳ್ಳೆಯ ಎಂಜಿನಿಯರ್ ಖುಷಿಯಿಂದ ತೋರಿಸುತ್ತಾರೆ.

ಅಂದಹಾಗೆ, ವೇದಿಕೆಗಿಂತ ಕಾಫಿ ವಿರಾಮದಲ್ಲಿ ಜನ ಬಿಚ್ಚಿ ಮಾತಾಡುತ್ತಾರೆ. 2010ರಲ್ಲಿ ಅಮೆರಿಕದ ಅನುವಾದಕರ ಸಂಘವೂ ಯಂತ್ರಾನುವಾದದವರ ಸಂಘವೂ ಡೆನ್ವರ್ ನಗರದಲ್ಲೇ ಬೆನ್ನುಬೆನ್ನಿಗೆ ಸಮ್ಮೇಳನ ನಡೆಸಿದ್ದವು. ಇಬ್ಬರನ್ನೂ ಒಂದೇ ಊರಲ್ಲಿ ಕೂಡಿಸುವುದು ಒಳ್ಳೆಯ ಯೋಚನೆ. ನಮ್ಮಲ್ಲೂ ಅದು ಜಾಸ್ತಿ ಆಗಬೇಕು.

ಪ್ರಶ್ನೆ: ಏಜೆನ್ಸಿಯವರು ಯಂತ್ರದ ಕರಡು ಕಳಿಸಿ "ಸ್ವಲ್ಪ ನೋಡಿಕೊಡಿ, ಅರ್ಧ ರೇಟು" ಅನ್ನುತ್ತಾರೆ. ಒಪ್ಪಬಹುದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕರಡು ನೋಡದೆ ಒಪ್ಪಬೇಡಿ. "ಸ್ವಲ್ಪ" ಅಂದರೆ ಎಷ್ಟು ಅಂತ ಮೊದಲು ಕೇಳಿ. ಹೀಗೆ ಯಂತ್ರದ ಕರಡನ್ನು ತಿದ್ದುವ ಕೆಲಸಕ್ಕೆ, ಅಂದರೆ ಪೋಸ್ಟ್ ಎಡಿಟಿಂಗ್‌ಗೆ 2017ರಲ್ಲಿ ಬಂದ ಐಎಸ್‌ಒ 18587 ಎಂಬ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಅದರಲ್ಲಿ ಎರಡು ಬಗೆ. ಹಗುರ ತಿದ್ದುಪಡಿಯಲ್ಲಿ ಓದಿದರೆ ಅರ್ಥವಾದರೆ ಸಾಕು. ಪೂರ್ತಿ ತಿದ್ದುಪಡಿಯಲ್ಲಿ ಮನುಷ್ಯರೇ ಮಾಡಿದ ಅನುವಾದಕ್ಕೆ ಸಮ ನಿಲ್ಲಬೇಕು. ಏಜೆನ್ಸಿಗಳು ಹಗುರದ ರೇಟು ಹೇಳಿ ಪೂರ್ತಿಯ ಕೆಲಸ ನಿರೀಕ್ಷಿಸುವುದು ಸಾಮಾನ್ಯ. ನನ್ನ ಮಟ್ಟಿಗೆ ಜಗಳವೆಲ್ಲ ಇಲ್ಲೇ ಹುಟ್ಟುತ್ತದೆ.

ಆ ಕಡತದ ಒಂದೆರಡು ಪುಟವನ್ನು ಮೊದಲಿನಿಂದ ಅನುವಾದ ಮಾಡಿ, ಅಷ್ಟೇ ಉದ್ದದ ಇನ್ನೆರಡನ್ನು ತಿದ್ದಿ. ಎರಡಕ್ಕೂ ಗಡಿಯಾರ ಹಿಡಿಯಿರಿ. ಮೂಲದ ಜೊತೆ ಸಾಲುಸಾಲಾಗಿ ಹೋಲಿಸುವ ಹೊತ್ತನ್ನೂ ಸೇರಿಸಿ, ಅದನ್ನು ಮರೆಯುವವರೇ ಹೆಚ್ಚು. ಕೈಪಿಡಿಗಳಲ್ಲಿ ಹೊತ್ತು ಉಳಿಯಬಹುದು. ಜಾಹೀರಾತಿನ ಬರಹವಾದರೆ ಅಳಿಸಿ ಬರೆಯುವುದೇ ಬೇಗ ಮುಗಿಯುತ್ತದೆ. ಆ ಲೆಕ್ಕ ಇಟ್ಟುಕೊಂಡು, ಪದಕ್ಕಿಷ್ಟು ಅನ್ನುವ ಬದಲು ಗಂಟೆಗಿಷ್ಟು ಅಂತ ಕೇಳಿ ನೋಡಿ.

ಪ್ರಶ್ನೆ: ಗ್ರಾಹಕರ ಕಾಗದಪತ್ರವನ್ನು ಉಚಿತ ಅನುವಾದ ತಾಣದಲ್ಲಿ ಹಾಕಿದರೆ ತೊಂದರೆ ಇದೆಯಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ. ಹಾಕಿದ ಬರಹ ಆ ತಾಣದವರ ಕಂಪ್ಯೂಟರಿಗೆ ಹೋಗುತ್ತದೆ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದರೆ ಅದು ಕರಾರು ಮುರಿದ ಹಾಗೆಯೇ ಆಗಬಹುದು. ಯಂತ್ರದ ಸಹಾಯ ಬೇಕೇಬೇಕು ಅಂದರೆ ಮದರಾಸು ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಬಿಟ್ಟ ಇಂಡಿಕ್‌ಟ್ರಾನ್ಸ್2 ಎಂಬ ಅನುವಾದ ತಂತ್ರಾಂಶ ನೋಡಿ. ಕನ್ನಡ ಸೇರಿ 22 ಭಾಷೆಗಳಿಗಿದೆ, ಇಳಿಸಿಕೊಂಡು ಸ್ವಂತ ಕಂಪ್ಯೂಟರಿನಲ್ಲೇ ನಡೆಸಬಹುದು. ಹೊಂದಿಸಲು ತಿಳಿದವರೊಬ್ಬರ ನೆರವು ಬೇಕಾದೀತು. ಹಾಗೆ ನಡೆಸಿದರೂ ಯಂತ್ರ ಬಳಸಬಹುದೇ ಎಂದು ಗ್ರಾಹಕರಿಗೆ ಮೊದಲೇ ಇಮೇಲ್ ಮಾಡಿ, ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಿ.