ಬ್ಯಾಂಡ್ ಹಾಕಿದ ಮೇಲೆ ಏನಾಗುತ್ತೆ, ಅದನ್ನೂ ಬರೆಯಿರಿ

ನಮಸ್ಕಾರ. ಅನ್ನನಾಳದಲ್ಲಿ ಉಬ್ಬಿ ಒಡೆಯುವ ರಕ್ತನಾಳಕ್ಕೆ ಬ್ಯಾಂಡ್ ಹಾಕಿ ರಕ್ತ ನಿಲ್ಲಿಸುವುದರ ಬಗ್ಗೆ ಚಿಕ್ಕಮಗಳೂರಿನಿಂದ ನೀವು ಕಳಿಸಿದ ‘ರಕ್ತ ವಾಂತಿಗೆ ರಬ್ಬರ್ ಬ್ಯಾಂಡ್’ ಲೇಖನ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ. ಬಾಯಿಯಿಂದ ಕ್ಯಾಮೆರಾ ಕೊಳವೆ (ಸ್ಕೋಪ್) ಇಳಿಸಿ ನೋಡುವ ಎಂಡೋಸ್ಕೋಪಿ ಕೋಣೆಯಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಬರೆಯುವುದೇ ಅಪರೂಪ.

ಮೊದಲ ಎರಡು ಪುಟ ತೆಗೆದುಬಿಡಿ. ಲಿವರ್ ಏನೇನು ಮಾಡುತ್ತದೆ ಅನ್ನುವುದು ಶಾಲೆಯ ಪುಸ್ತಕದಲ್ಲೇ ಇದೆ. ಮೂಡಿಗೆರೆ ಕಡೆಯ ತೋಟದ ಕೆಲಸಗಾರ ರಾತ್ರಿ ರಕ್ತ ಕಾರಿಕೊಂಡು ಬಂದಿದ್ದು ಮೂರನೇ ಪುಟದಲ್ಲಿದೆಯಲ್ಲ, ಅಲ್ಲಿಂದ ಶುರು ಮಾಡಿ. ಅವರ ಗುರುತು ಸಿಗದಂತೆ ಬರೆಯಿರಿ.

ಬ್ಯಾಂಡ್ ಹಾಕುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾಕಿಷ್ಟು ಅವಸರ? ಸ್ಕೋಪಿನ ತುದಿಯ ಕ್ಯಾಪ್‌ನೊಳಗೆ ಉಬ್ಬಿದ ರಕ್ತನಾಳವನ್ನು ಎಳೆದುಕೊಂಡು ಬುಡಕ್ಕೆ ಬ್ಯಾಂಡ್ ಬಿಡುವುದು, ಅನ್ನನಾಳ ಹೊಟ್ಟೆಗೆ ಸೇರುವ ಜಾಗದಿಂದ ಮೇಲಕ್ಕೆ ಬರುವುದು, ರಕ್ತ ತುಂಬಿ ಏನೂ ಕಾಣದಿದ್ದಾಗಿನ ಪರದಾಟ, ಇದನ್ನೆಲ್ಲ ಕಂಡವರು ನೀವು.

‘ಬ್ಯಾಂಡ್ ಹಾಕಿದರೆ ಕಾಯಿಲೆ ವಾಸಿ’ ಎಂಬ ಸಾಲು ಮಾತ್ರ ಅಪಾಯಕಾರಿ. ಈ ನಾಳಗಳು ಉಬ್ಬಲು ಕಾರಣವಾದ, ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಒತ್ತಡ ಹಾಗೇ ಇರುತ್ತದೆ. ಕೆಲವು ದಿನಗಳಲ್ಲಿ ಕಟ್ಟಿದ ಭಾಗ ಬ್ಯಾಂಡ್ ಸಮೇತ ಉದುರಿ ಹುಣ್ಣು ಉಳಿಯುತ್ತದೆ. ಆ ಹುಣ್ಣಿನಿಂದಲೂ ರಕ್ತ ಬರಬಹುದು. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ ಮತ್ತೆ ನೋಡಿ, ಉಬ್ಬಿದ ನಾಳಗಳು ಪೂರ್ತಿ ಮುಚ್ಚುವ ತನಕ ಬ್ಯಾಂಡ್ ಹಾಕುತ್ತಾರೆ. ಒತ್ತಡ ಇಳಿಸಲು ಸಾಮಾನ್ಯವಾಗಿ ಕಾರ್ವೆಡಿಲಾಲ್ ಅಥವಾ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಕೊಡುತ್ತಾರೆ. ನಿಮ್ಮ ಸಾಲು ನಂಬಿದವರು ‘ವಾಸಿಯಾಯ್ತಲ್ಲ’ ಅಂತ ಕಾಫಿ ಕೊಯ್ಲು ಮುಗಿಯುವ ತನಕ ಆಸ್ಪತ್ರೆ ಕಡೆ ತಲೆ ಹಾಕದಿದ್ದರೆ?

ಜಠರದ ಮೇಲ್ಭಾಗದ ವೇರಿಸಿಸ್‌ಗೂ (ಉಬ್ಬಿದ ನಾಳಗಳಿಗೂ) ಬ್ಯಾಂಡೇ ಎಂದಿದ್ದೀರಿ. ಅಲ್ಲಿಗೆ ಹೆಚ್ಚಾಗಿ ಬಳಸುವುದು ಸಯನೊಅಕ್ರಿಲೇಟ್ ಗ್ಲೂ. ರಕ್ತ ತಾಗಿದ ಕೂಡಲೇ ಅದು ಗಟ್ಟಿಯಾಗುತ್ತದೆ. ಸೂಜಿ ಅಲ್ಲೇ ಅಂಟಿಕೊಂಡೀತು ಅನ್ನುವ ಆತಂಕ ನಿಮಗೆ ಗೊತ್ತೇ ಇರುತ್ತೆ, ಅದನ್ನೂ ಬರೆಯಿರಿ. ಇತಿಹಾಸಕ್ಕೆ ಒಂದು ಸಾಲು ಸಾಕು: 1939ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಮತ್ತು ಫ್ರೆಂಕ್ನರ್ ಅನ್ನನಾಳದ ಇಂಥ ನಾಳಕ್ಕೆ ಇಂಜೆಕ್ಷನ್ ಕೊಟ್ಟು ರಕ್ತ ನಿಲ್ಲಿಸುವ ವಿಧಾನವನ್ನು ವರದಿ ಮಾಡಿದರು.

‘ಕುಡುಕರ ಕಾಯಿಲೆ’ ಎಂಬ ಉಪಶೀರ್ಷಿಕೆ ಬೇಡವೇ ಬೇಡ. ಹೆಪಟೈಟಿಸ್ ಬಿ, ಸಿ, ಫ್ಯಾಟಿ ಲಿವರ್‌ನಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವುದು) ಆದವರಿಗೂ ಇದು ಬರುತ್ತದೆ. ಪೋರ್ಟಲ್ ರಕ್ತನಾಳ ಕಟ್ಟಿಕೊಂಡ ಮಕ್ಕಳಿಗೂ ಬರುತ್ತದೆ. ಅವರ ತಂದೆತಾಯಿ ಇದನ್ನು ಓದಿದರೆ ಹೇಗಿರುತ್ತೆ ಹೇಳಿ.

ಇನ್ನೊಂದು. ಸ್ಕೋಪಿಗೆ ಮೊದಲೇ ರಕ್ತಸ್ರಾವ ತಗ್ಗಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಔಷಧಿ, ಜೊತೆಗೆ ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಆಸ್ಪತ್ರೆ ಸೇರಿದ 12 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು. ಇದು ನಿಮ್ಮ ಕೊನೇ ಪುಟದಲ್ಲಿ ಅಡಗಿ ಕೂತಿದೆ, ಮುಂದಕ್ಕೆ ತನ್ನಿ. ಕೊಟ್ಟಿಗೆಹಾರದಲ್ಲಿ ಯಾರಿಗಾದರೂ ನಡುರಾತ್ರಿ ರಕ್ತ ವಾಂತಿಯಾದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಬೇಕು ಅಂತಲೂ ಅಲ್ಲೇ ಸೇರಿಸಿ.

ತಿದ್ದಿದ ಮೇಲೆ ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ, ಆಮೇಲೆ ನನಗೆ ಕಳಿಸಿ.