ಹಳೆಯ ಪಿಕಪ್ ಎಂಜಿನ್: ಖರ್ಚು ಎಲ್ಲಿ, ಉಳಿತಾಯ ಎಲ್ಲಿ?

ಪ್ರಶ್ನೆ: ತೊಗರಿ ಮೂಟೆಗಳನ್ನು ಕಲಬುರಗಿ ಮಾರುಕಟ್ಟೆಗೆ ಸಾಗಿಸುವ ನಮ್ಮ ಹಳೆಯ ಡೀಸೆಲ್ ಪಿಕಪ್ ನೀಲಿ ಹೊಗೆ ಬಿಡುತ್ತಿದ್ದು, ಆಯಿಲ್ ಬೇಗ ಕಡಿಮೆಯಾಗುತ್ತಿದೆ. ಕಡಿಮೆ ಖರ್ಚಿನಲ್ಲಿ ಎಂಜಿನ್ ಕೆಲಸ ಮಾಡಿಸುವುದು ಹೇಗೆ?
– ಓದುಗರೊಬ್ಬರು, ಸೇಡಂ

ಉತ್ತರ: ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ, ಆದರೆ ಪಿಸ್ಟನ್ ರಿಂಗ್ ಸವೆದಾಗ ಮಾತ್ರವಲ್ಲದೆ, ವಾಲ್ವ್ ಸೀಲ್ ಅಥವಾ ಟರ್ಬೊ ಕೆಟ್ಟಾಗಲೂ ಇದೇ ಲಕ್ಷಣ ಕಾಣುವುದರಿಂದ, ಎಂಜಿನ್ ಬಿಚ್ಚಿಸುವ ಮೊದಲು ದಯವಿಟ್ಟು ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗಿನ ಒತ್ತಡದ ಅಳತೆ) ಮಾಡಿಸಿರಿ. ಎಲ್ಲ ಸಿಲಿಂಡರ್‌ಗಳಲ್ಲೂ ಒತ್ತಡ ಸರಿಯಾಗಿದ್ದರೆ ದೊಡ್ಡ ಖರ್ಚು ತಪ್ಪಬಹುದು.

ಬಿಚ್ಚಲೇಬೇಕಾದರೆ, ಸಿಲಿಂಡರ್‌ಗಳನ್ನು ಒಳವ್ಯಾಸ ಅಳೆಯುವ ಬೋರ್ ಗೇಜ್‌ನಿಂದಲೂ ಬೇರಿಂಗ್ ಕೂರುವ ಕ್ರ್ಯಾಂಕ್ ಶಾಫ್ಟ್‌ನ ದುಂಡು ಭಾಗಗಳಾದ ಕ್ರ್ಯಾಂಕ್ ಜರ್ನಲ್‌ಗಳನ್ನು ಮೈಕ್ರೋಮೀಟರ್‌ನಿಂದಲೂ ಅಳೆಸಿ, ಆ ಅಳತೆಗಳು ಕೈಸೇರಿದ ಮೇಲೆಯೇ ಬಿಡಿಭಾಗ ಕೊಳ್ಳಿರಿ. ಏಕೆಂದರೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ (ಉಜ್ಜಿ ನಯಗೊಳಿಸಿದರೆ) ಅದರ ಗಾತ್ರ ಕಡಿಮೆಯಾಗಿ, ಸಾಮಾನ್ಯವಾಗಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಬೇಕಾಗುತ್ತದೆ, ಮೊದಲೇ ಕೊಂಡದ್ದು ವ್ಯರ್ಥವಾಗುತ್ತದೆ. ಮಿತಿ ಮೀರಿ ಸವೆದ ಸಿಲಿಂಡರಿಗೆ ಹೊಸ ರಿಂಗ್ ಮಾತ್ರ ಹಾಕಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕೆಲವೇ ದಿನಗಳಲ್ಲಿ ಹೊಗೆ ಮರಳುತ್ತದೆ.

ಸ್ಟಾರ್ಟರ್, ಆಲ್ಟರ್ನೇಟರ್ ಚೆನ್ನಾಗಿದ್ದರೆ ಹಳೆಯವೇ ಇರಲಿ. ಹೆಡ್ ಗ್ಯಾಸ್ಕೆಟ್, ಬೇರಿಂಗ್‌ಗಳಲ್ಲಿ ಮಾತ್ರ ಉಳಿತಾಯ ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ರೇಡಿಯೇಟರ್ ಸ್ವಚ್ಛ ಮಾಡಿಸದೆ ಎಂಜಿನ್ ಕೂರಿಸಬೇಡಿ.