ಸಮುದ್ರವಿಲ್ಲದ ಊರಿಗೆ ಉಪ್ಪು ಎಲ್ಲಿಂದ ಬಂತು?

ಪ್ರಶ್ನೆ: ಮಗಳು ಫ್ರಾನ್ಸಿನ ಬೆಜಾನ್ಸಾಂನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ. ಹತ್ತಿರದ ಸಾಲಾಂ ಲೆ ಬ್ಯಾಂ ಎಂಬ ಸಣ್ಣ ಊರಲ್ಲಿ ಉಪ್ಪಿನ ಮ್ಯೂಸಿಯಂ ಇದೆಯಂತೆ. ಸಮುದ್ರವೇ ಇಲ್ಲದ ಬೆಟ್ಟದೂರಲ್ಲಿ ಎಂಥ ಉಪ್ಪು? ನಾವು ಸಾಣಿಕಟ್ಟಾದ ಉಪ್ಪಿನಾಗರ ನೋಡುತ್ತಲೇ ಬೆಳೆದವರು. ಅಲ್ಲಿಗೆ ಹೋಗಿಯೂ ಉಪ್ಪೇ ನೋಡಬೇಕಾ? ಉಪ್ಪಿನಕಾಯಿಗೆ ಒಂದು ಕಿಲೋ ತರಬಹುದಾ?
– ಓದುಗರು, ಕುಮಟಾ

ಉತ್ತರ: ನಗು ಬಂತು ಅಕ್ಕಾ. ಅಲ್ಲಿಗೆ ಕರೆದುಕೊಂಡು ಹೋದ ತಮ್ಮನಿಗೆ ನಾನೂ ಇದನ್ನೇ ಕೇಳಿದ್ದೆ.

ಸಮುದ್ರ ಅಲ್ಲೂ ಇತ್ತು. 20 ಕೋಟಿ ವರ್ಷಕ್ಕೂ ಹಿಂದೆ ಅದು ಬತ್ತಿ, ಉಪ್ಪು ನೆಲದಡಿ ಉಳಿಯಿತು. ಮಳೆನೀರು ಇಳಿದು ಅದನ್ನು ಕರಗಿಸಿಕೊಂಡು ಊಟೆಯಾಗಿ ಮೇಲೆ ಬರುತ್ತದೆ. 19ನೇ ಶತಮಾನದಲ್ಲಿ 246 ಮೀಟರ್ ಕೊರೆದಾಗ ಸಿಕ್ಕ ನೀರಿನಲ್ಲಿ ಲೀಟರಿಗೆ ಸುಮಾರು 330 ಗ್ರಾಂ ಉಪ್ಪು. ನಿಮ್ಮ ಸಮುದ್ರದ ನೀರಲ್ಲಿ ಬರೀ 35 ಗ್ರಾಂ ಅಲ್ವಾ! ಊರಿನ ಹೆಸರಲ್ಲೇ ಉಪ್ಪಿದೆ, ನಮ್ಮ ಉಡುಪಿ ಹತ್ತಿರದ ಉಪ್ಪೂರಿನ ಹಾಗೆ.

ಮ್ಯೂಸಿಯಂ ಇರುವುದು ಹಳೇ ಉಪ್ಪಿನ ಕಾರ್ಖಾನೆಯಲ್ಲೇ. ಮೊದಲು ಮೆಟ್ಟಿಲಿಳಿದು ನೆಲದಡಿಗೆ ಹೋಗಬೇಕು. 165 ಮೀಟರ್ ಉದ್ದದ ಕಲ್ಲಿನ ಕಮಾನುಗಳ ಮೊಗಸಾಲೆ, 13ನೇ ಶತಮಾನದ್ದು. ಫ್ಯೂರಿಯೂಸ್, ಅಂದರೆ ಸಿಟ್ಟಿನ ಹೊಳೆ, ಅದರ ನೀರಿನಿಂದ ತಿರುಗುವ ದೊಡ್ಡ ಚಕ್ರ. ಅದಕ್ಕೆ ಕಟ್ಟಿದ ಮರದ ತೊಲೆ ಹಿಂದೆ ಮುಂದೆ ಜಗ್ಗುತ್ತಾ ಪಂಪು ನಡೆಸುತ್ತದೆ, ಇವತ್ತಿಗೂ. ಕತ್ತಲಲ್ಲಿ ಅದರ ಕಿರ್‍ ಕಿರ್‍ ಸದ್ದು ಕೇಳಿದರೆ ಹಳೇ ಗಾಣದ ಮನೆ ನೆನಪಾಗುತ್ತದೆ. ಗೈಡ್ ಆಚೆ ತಿರುಗಿದಾಗ ಗೋಡೆಯ ಒದ್ದೆಗೆ ಬೆರಳಿಟ್ಟು ನೆಕ್ಕಿದೆ. ನಾಲಿಗೆ ಚುರ್‍ ಅಂದಿತು.

ಮೇಲೆ ಬಂದರೆ ಉಪ್ಪು ಕಾಯಿಸುವ ಬಾಣಲೆ. ಬಾಣಲೆ ಅಂದೆ, ಆದರೆ ಅದು ಅಂಗಳದಷ್ಟು ಅಗಲ, ಕಬ್ಬಿಣದ ತಗಡು ಜೋಡಿಸಿ ಮಾಡಿದ್ದು. ನಿಮ್ಮಲ್ಲಿ ಬಿಸಿಲೇ ಎಲ್ಲ ಕೆಲಸ ಮಾಡುತ್ತದೆ. ಅಲ್ಲಿ ಚಳಿ, ಮಳೆ. ಹಾಗಾಗಿ ಕೆಳಗೆ ಬೆಂಕಿ ಹಾಕಿ ನೀರು ಇಂಗಿಸಬೇಕು. ಜೋರಾಗಿ ಕುದಿಸಿದರೆ ಪುಡಿ ಉಪ್ಪು, ನಿಧಾನಕ್ಕೆ ಕಾಯಿಸಿದರೆ ದಪ್ಪ ಹರಳು. ಆ ಬಿಸಿ ಹಬೆಯಲ್ಲಿ ನಿಂತು ಉದ್ದನೆ ಹುಟ್ಟಿನಿಂದ ಉಪ್ಪು ಎಳೆಯುತ್ತಿದ್ದವರನ್ನು ನೆನೆದರೆ ಈಗಲೂ ಬೆವರುತ್ತದೆ.

ನನಗೆ ಹಿಡಿಸಿದ್ದು ಸೌದೆಯ ಕಥೆ. ಶತಮಾನಗಟ್ಟಲೆ ಉರಿಸಿ ಉರಿಸಿ ಸುತ್ತಲಿನ ಕಾಡು ಸಾಲದಾಯಿತು. ಸೌದೆ ಹೊತ್ತು ತರುವ ಬದಲು ಉಪ್ಪುನೀರನ್ನೇ ಕಾಡಿಗೆ ಕಳಿಸಿದರು! ಟೊಳ್ಳು ಕೊರೆದ ಮರದ ದಿಮ್ಮಿಗಳನ್ನು ಒಂದಕ್ಕೊಂದು ಸಿಕ್ಕಿಸಿ 21 ಕಿಲೋಮೀಟರ್ ಕೊಳವೆ. ಆ ತುದಿಯಲ್ಲಿ, ಶೋ ಕಾಡಿನ ಮಗ್ಗುಲಲ್ಲಿ, ಲೆದೂ ಎಂಬ ವಾಸ್ತುಶಿಲ್ಪಿ 1775ರಿಂದ 1779ರ ಹೊತ್ತಿಗೆ ಆರ್ಕ್ ಎ ಸೆನಾಂ ಕಾರ್ಖಾನೆ ಕಟ್ಟಿದ. ದಾರಿಯುದ್ದಕ್ಕೂ ಕಾವಲು. ಆಗ ಉಪ್ಪಿನ ಮೇಲೆ ಭಾರೀ ತೆರಿಗೆ, ಜನ ಕೊಳವೆಗೇ ಕನ್ನ ಹಾಕುತ್ತಿದ್ದರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದವರ ಜಿಲ್ಲೆಯವರು ನೀವು, ಇದನ್ನು ಬಿಡಿಸಿ ಹೇಳಬೇಕಾ? ಆರ್ಕ್ ಎ ಸೆನಾಂ 1982ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಸಾಲಾಂ 2009ರಲ್ಲಿ. ಸಮಯವಿದ್ದರೆ ಎರಡನ್ನೂ ನೋಡಿ. ಒಂದೇ ಅಂದರೆ ನನ್ನ ಓಟು ಸಾಲಾಂಗೆ. ಆ ಇನ್ನೊಂದು ಚೆಂದ ಜಾಸ್ತಿ, ಆದರೆ ಸುಮ್ನೆ ನಿಂತಿದೆ. ಇಲ್ಲಿ ಪಂಪು ಇನ್ನೂ ಕಿರುಗುಡುತ್ತಿದೆ.

ಬೆಜಾನ್ಸಾಂನಿಂದ ರೈಲಾದರೆ ಮುಶಾರ್‌ನಲ್ಲಿ ಇಳಿಯಿರಿ, ಅಲ್ಲಿಂದ ಸಾಲಾಂ ಹತ್ತಿರ. ಮೇ ಆದರೂ ಸ್ವೆಟರ್ ಇರಲಿ, ಕೆಳಗೆ ತಂಪು. ಮಂಡಿನೋವಿದ್ದರೆ ಮೆಟ್ಟಿಲು ನಿಧಾನ.

ಇನ್ನು ಉಪ್ಪು. ಆ ಬಾಣಲೆಯ ಬೆಂಕಿ 1962ರಲ್ಲೇ ಆರಿತು. ಮಾವಿನಮಿಡಿಗೆ ನಿಮ್ಮ ಸಾಣಿಕಟ್ಟಾ ಕಲ್ಲುಪ್ಪೇ ಸೈ. ಬೇಕಾದರೆ ಮಗಳಿಗೆ ಒಂದು ಕಿಲೋ ಇಲ್ಲಿಂದಲೇ ಒಯ್ಯಿರಿ.